30 ದಿನದಲ್ಲಿ ಸ್ವಂತ ಆಪರೇಟಿಂಗ್ ಸಿಸ್ಟಮ್ ಕಟ್ಟಬಹುದೇ? ಹೊಸಬರಿಗೆ ನಿಜಕ್ಕೂ ಏನೇನು ಗೊತ್ತಿರಬೇಕು?

"ಈ ಹುಡುಗ ಯಾವ ಕೋಚಿಂಗ್ ಇಲ್ಲದೆ ತನ್ನದೇ ಆಪರೇಟಿಂಗ್ ಸಿಸ್ಟಮ್ ತಯಾರಿಸಿದ್ದಾನೆ. ವಿಂಡೋಸ್‌ಗಿಂತ ಹತ್ತು ಪಟ್ಟು ಫಾಸ್ಟ್. ಹೆಮ್ಮೆಯ ಕನ್ನಡಿಗರಾಗಿದ್ದರೆ ಶೇರ್ ಮಾಡಿ."

ಇಂಥ ಮೆಸೇಜು ನಿಮ್ಮ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಫೋಟೋ ಬದಲಾಗುತ್ತದೆ, ಊರು ಬದಲಾಗುತ್ತದೆ, ಒಕ್ಕಣೆ ಮಾತ್ರ ಹೆಚ್ಚುಕಡಿಮೆ ಅದೇ. ಅದರ ಬೆನ್ನಿಗೇ ಇನ್ನೊಂದು ಬಗೆಯ ಮೆಸೇಜು ಬರುತ್ತದೆ: "ಕೋಡಿಂಗ್ ಗೊತ್ತಿಲ್ಲವೇ? ಚಿಂತೆ ಬೇಡ. 30 ದಿನದಲ್ಲಿ ನಿಮ್ಮದೇ ಓಎಸ್ ಕಟ್ಟಿ. ಸೀಟು ಕೆಲವೇ ಉಳಿದಿವೆ."

ನವಲಗುಂದದ ಓದುಗರೊಬ್ಬರು ಇವೆರಡನ್ನೂ ನಮಗೆ ಕಳಿಸಿ ಕೇಳಿದ್ದಾರೆ: "ಮಗ ಪಿಯುಸಿ ಸೈನ್ಸ್ ಓದಾಕತ್ತಾನ. ಈ ಕೋರ್ಸಿಗೆ ಸೇರಸ್ರಿ ಅಂತ ಹಟ ಹಿಡದಾನ. ಹೆಸರು ಮಾರಿದ ರೊಕ್ಕ ಕೈಯಾಗ ಐತಿ. ಕಟ್ಟಬೇಕೋ ಬ್ಯಾಡೋ, ಖರೇ ಹೇಳ್ರಿ."

ಪ್ರಶ್ನೆ ಒಬ್ಬರದೇ ಅಲ್ಲ. ಆದ್ದರಿಂದ ಇವತ್ತು ಇದನ್ನೇ ಬಿಡಿಸಿ ನೋಡೋಣ.

ಮೊದಲು ಚುಟುಕು ಉತ್ತರ

- ಓಎಸ್ ಕಟ್ಟಲು ಐಐಟಿ ಪದವಿ ಬೇಕೇ? ಬೇಡ.
- ಕೋಡಿಂಗ್ ಒಂದಿಷ್ಟೂ ಗೊತ್ತಿಲ್ಲದೆ 30 ದಿನದಲ್ಲಿ ಕಟ್ಟಬಹುದೇ? ಆಗುವುದಿಲ್ಲ. ಹಾಗೆ ಕಟ್ಟಿಸಿಕೊಡುವುದು ಬಹುತೇಕ ಬೇರೆಯವರ ಓಎಸ್‌ಗೆ ಹೊಸ ಬಣ್ಣ.
- ಒಂದು ಪ್ರೋಗ್ರಾಮಿಂಗ್ ಭಾಷೆ ಚೆನ್ನಾಗಿ ಬಂದರೆ, ಕಂಪ್ಯೂಟರ್ ಒಳಗೆ ಏನು ನಡೆಯುತ್ತದೆ ಎಂಬುದು ತಕ್ಕಮಟ್ಟಿಗೆ ಗೊತ್ತಿದ್ದರೆ, ತಾಳ್ಮೆ ಇದ್ದರೆ, ಪುಟ್ಟ ಕಲಿಕೆಯ ಓಎಸ್ ಒಂದನ್ನು ವಿದ್ಯಾರ್ಥಿಯೂ ಕಟ್ಟಬಹುದು.
- ಅದಕ್ಕೆ ಬೇಕಾದ ಪಾಠ, ಪುಸ್ತಕ, ಸಾಫ್ಟ್‌ವೇರ್ ಎಲ್ಲವೂ ಉಚಿತವಾಗಿ ಸಿಗುತ್ತವೆ.

ಓಎಸ್ ಮಾಡುವ ಕೆಲಸವೇನು?

ಮಲಪ್ರಭಾ ಕಾಲುವೆಯ ನೀರು ಬಿಟ್ಟಾಗ ಏನಾಗುತ್ತದೆ ಎಂಬುದು ನವಲಗುಂದದವರಿಗೆ ಹೇಳಿಕೊಡಬೇಕಿಲ್ಲ. ನೀರು ಒಂದೇ, ಹೊಲ ನೂರಾರು. ಎಲ್ಲರೂ ಒಟ್ಟಿಗೆ ತೂಬು ತೆರೆದರೆ ಯಾರ ಹೊಲವೂ ಸರಿಯಾಗಿ ನೆನೆಯುವುದಿಲ್ಲ. ಅದಕ್ಕೇ ಪಾಳಿ. ಇವತ್ತು ಈ ಕಡೆ, ನಾಳೆ ಆ ಕಡೆ. ಒಬ್ಬರ ನೀರು ಇನ್ನೊಬ್ಬರ ಹೊಲಕ್ಕೆ ನುಗ್ಗದಂತೆ ನಡುವೆ ಬದು. ಗೇಟನ್ನು ಬೇಕೆಂದವರೆಲ್ಲ ತಿರುಗಿಸುವಂತಿಲ್ಲ, ಅದಕ್ಕೆ ಹೊಣೆ ಹೊತ್ತವರನ್ನೇ ಕೇಳಬೇಕು.

ನಿಮ್ಮ ಫೋನಿನಲ್ಲಿ ಓಎಸ್ ಮಾಡುವುದೂ ಇದನ್ನೇ. ಇಲ್ಲಿ ನೀರಿನ ಬದಲು ಪ್ರೊಸೆಸರ್‌ನ ಸಮಯ. ವಾಟ್ಸ್‌ಆ್ಯಪ್, ಯೂಟ್ಯೂಬ್, ಅಲಾರಂ, ಬ್ಯಾಂಕ್ ಆ್ಯಪ್ ಇವೆಲ್ಲ ಒಟ್ಟಿಗೆ ಓಡುತ್ತಿರುವಂತೆ ಕಂಡರೂ ಓಎಸ್ ಒಂದೊಂದಕ್ಕೆ ಸೆಕೆಂಡಿನ ಸಾವಿರದ ಕೆಲವು ಭಾಗದಷ್ಟು ಪಾಳಿ ಕೊಡುತ್ತಾ ಹೋಗುತ್ತದೆ. ಒಂದು ಆ್ಯಪ್‌ನ ಮೆಮೊರಿಯೊಳಗೆ ಇನ್ನೊಂದು ಇಣುಕದಂತೆ ಬದು ಹಾಕುತ್ತದೆ. ಕ್ಯಾಮೆರಾ, ಮೈಕು, ಸ್ಟೋರೇಜು ಬೇಕೆಂದರೆ ಆ್ಯಪ್ ನೇರವಾಗಿ ಕೈ ಹಾಕುವಂತಿಲ್ಲ, ಓಎಸ್ ಅನ್ನೇ ಕೇಳಬೇಕು.

ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟಲಿಲ್ಲ ಎಂಬ ದೂರು ನಮ್ಮ ಭಾಗದಲ್ಲಿ ಹೊಸದೇನಲ್ಲ. ಓಎಸ್ ಪಠ್ಯಪುಸ್ತಕದಲ್ಲೂ ಇದೇ ಸಮಸ್ಯೆಗೆ ಒಂದು ಹೆಸರಿದೆ: ಸ್ಟಾರ್ವೇಶನ್. ಅಂದರೆ ಹಸಿವು. ಕೆಲವು ಪ್ರೋಗ್ರಾಮುಗಳಿಗೆ ಪಾಳಿಯೇ ಬಾರದೆ ಕಾಯುತ್ತಾ ಕೂರುವ ಸ್ಥಿತಿ. ಯಾರಿಗೂ ಹಾಗಾಗದಂತೆ ಪಾಳಿ ಹಾಕುವುದು ಹೇಗೆ ಎಂಬುದು ಓಎಸ್ ಕಟ್ಟುವವರು ಬಿಡಿಸಬೇಕಾದ ದೊಡ್ಡ ಲೆಕ್ಕಗಳಲ್ಲಿ ಒಂದು.

ಈ ಪಾಳಿ, ಬದು, ಗೇಟು ನೋಡಿಕೊಳ್ಳುವ ಒಳಭಾಗಕ್ಕೆ ಕರ್ನೆಲ್ ಎಂದು ಹೆಸರು. ನಾವು ಕಣ್ಣಿಂದ ನೋಡುವ ಐಕಾನು, ಬಣ್ಣ, ವಾಲ್‌ಪೇಪರ್ ಎಲ್ಲ ಅದರ ಮೇಲಿನ ಪದರಗಳು. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

'ಕಟ್ಟುವುದು' ಅಂದರೆ ನಾಲ್ಕು ಬೇರೆ ಬೇರೆ ಕೆಲಸ

ಒಬ್ಬರು "ಮನೆ ಕಟ್ಟಿಸಿದೆ" ಅಂದಾಗ ಬುನಾದಿಯಿಂದ ಕಟ್ಟಿಸಿದರೋ, ಹಳೇ ಮನೆಗೆ ಸುಣ್ಣ ಬಳಿಸಿದರೋ ಎಂದು ಕೇಳುತ್ತೇವೆ. "ಓಎಸ್ ಕಟ್ಟಿದೆ" ಅಂದಾಗ ಮಾತ್ರ ಯಾರೂ ಕೇಳುವುದಿಲ್ಲ. ಗೊಂದಲ ಹುಟ್ಟುವುದೇ ಅಲ್ಲಿ.

ಒಂದು, ಬಣ್ಣ ಬಳಿಯುವುದು. ಉಬುಂಟುವಿನಂಥ ಉಚಿತ ಓಎಸ್ ತೆಗೆದುಕೊಂಡು ಹೆಸರು, ಲೋಗೊ, ವಾಲ್‌ಪೇಪರ್, ಮೊದಲೇ ಹಾಕಿದ ಆ್ಯಪ್‌ಗಳನ್ನು ಬದಲಿಸುವುದು. ಲಿನಕ್ಸ್ ಬಳಸಿ ಅಭ್ಯಾಸ ಇರುವವರಿಗೆ ಇದು ಕೆಲವು ದಿನಗಳ ಕೆಲಸ. ತಪ್ಪೇನೂ ಇಲ್ಲ, ಲೈಸೆನ್ಸ್ ನಿಯಮ ಪಾಲಿಸಿದರೆ ಕಾನೂನಿಗೂ ವಿರುದ್ಧವಲ್ಲ. ಆದರೆ "ಶೂನ್ಯದಿಂದ ಕಟ್ಟಿದೆ" ಅನ್ನುವಂತಿಲ್ಲ.

ಎರಡು, ಜೋಡಿಸುವುದು. ಕರ್ನೆಲ್ ಮತ್ತು ಹತ್ತಾರು ಬಿಡಿ ಸಾಫ್ಟ್‌ವೇರ್‌ಗಳ ಮೂಲ ಕೋಡ್ ಇಳಿಸಿಕೊಂಡು ಒಂದೊಂದಾಗಿ ಕಂಪೈಲ್ ಮಾಡಿ ಪೂರ್ತಿ ವ್ಯವಸ್ಥೆ ನಿಲ್ಲಿಸುವುದು. 'ಲಿನಕ್ಸ್ ಫ್ರಮ್ ಸ್ಕ್ರ್ಯಾಚ್' ಎಂಬ ಉಚಿತ ಪುಸ್ತಕ ಇದನ್ನು ಹಂತ ಹಂತವಾಗಿ ಹೇಳಿಕೊಡುತ್ತದೆ. ಇಲ್ಲಿ ಹೊಸ ಕೋಡ್ ಬರೆಯುವುದು ಕಡಿಮೆ. ಆದರೆ ಕಮಾಂಡ್ ಲೈನ್ ಚೆನ್ನಾಗಿ ಗೊತ್ತಿರಬೇಕು.

ಮೂರು, ಪುಟ್ಟ ಕರ್ನೆಲ್ ಬರೆಯುವುದು. ಪಾಳಿ ಹಾಕುವ, ಮೆಮೊರಿ ಹಂಚುವ, ಕೀಬೋರ್ಡ್ ಒತ್ತಿದರೆ ಅಕ್ಷರ ತೋರಿಸುವ ಸಣ್ಣ ಓಎಸ್ ಅನ್ನು ಸ್ವತಃ ಬರೆಯುವುದು. ಇದೇ ನಿಜವಾದ ಕಲಿಕೆ. ಈ ಲೇಖನದ ಉಳಿದ ಭಾಗ ಮುಖ್ಯವಾಗಿ ಇದರ ಬಗ್ಗೆಯೇ.

ನಾಲ್ಕು, ಜನ ದಿನವೂ ಬಳಸುವ ಓಎಸ್. ಸಾವಿರಾರು ಬಗೆಯ ಪ್ರಿಂಟರ್, ವೈಫೈ ಚಿಪ್, ಕ್ಯಾಮೆರಾ ಎಲ್ಲವನ್ನೂ ಓಡಿಸಬೇಕು, ವರ್ಷಗಟ್ಟಲೆ ಸೆಕ್ಯೂರಿಟಿ ಅಪ್‌ಡೇಟ್ ಕೊಡಬೇಕು. ಇದು ಒಬ್ಬರ ಕೆಲಸವಲ್ಲ. ಲಿನಕ್ಸ್ ಕರ್ನೆಲ್ ಒಂದೇ ಈಗ 3 ಕೋಟಿ ಸಾಲು ಮೀರಿದೆ, ಅದರ ಹಿಂದೆ ಸಾವಿರಾರು ಜನರ 3 ದಶಕದ ದುಡಿಮೆ ಇದೆ.

ಫಾರ್ವರ್ಡ್ ಮೆಸೇಜುಗಳು ಮೊದಲನೆಯ ಕೆಲಸಕ್ಕೆ ನಾಲ್ಕನೆಯದರ ಹೆಸರಿಡುತ್ತವೆ.

'ಸ್ವದೇಶಿ ಓಎಸ್'ಗಳು ಯಾವ ಸಾಲಿಗೆ ಸೇರುತ್ತವೆ?

ಸರ್ಕಾರಿ ಸಂಸ್ಥೆಯಾದ ಸಿ-ಡ್ಯಾಕ್ 2007ರಲ್ಲಿ ಹೊರತಂದ ಬಾಸ್ ಎಂಬ ಓಎಸ್ ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ್ದು. 2023ರ ಜನವರಿಯಲ್ಲಿ ಸುದ್ದಿಯಾದ, ಐಐಟಿ ಮದ್ರಾಸ್ ಆಶ್ರಯದಲ್ಲಿ ಬೆಳೆದ ಕಂಪನಿಯ ಭಾರ್‌ಓಎಸ್, ಆಂಡ್ರಾಯ್ಡ್‌ನ ಮುಕ್ತ ಕೋಡ್ ಆಧರಿಸಿದ್ದು. ಅದೇ ವರ್ಷ ರಕ್ಷಣಾ ಸಚಿವಾಲಯದ ಕಂಪ್ಯೂಟರ್‌ಗಳಿಗೆಂದು ಸುದ್ದಿಯಾದ ಮಾಯಾ, ಉಬುಂಟು ಆಧರಿಸಿದ್ದು. ಮೂರರ ಬುಡದಲ್ಲೂ ಇರುವುದು ಲಿನಕ್ಸ್ ಕರ್ನೆಲ್.

ಹಾಗಂತ ಇವು ಮೋಸವೇ? ಅಲ್ಲ. ನಮ್ಮ ಭಾಷೆಗಳನ್ನು ಸೇರಿಸುವುದು, ಬೇಡದ ಆ್ಯಪ್ ತೆಗೆಯುವುದು, ಸುರಕ್ಷತೆ ಬಿಗಿ ಮಾಡುವುದು ಇವೆಲ್ಲ ನಿಜವಾದ ಕೆಲಸಗಳು. "ಒಂದೊಂದು ಸಾಲೂ ಭಾರತದಲ್ಲೇ ಬರೆದದ್ದು" ಎಂಬ ಫಾರ್ವರ್ಡ್ ಮಾತ್ರ ಸುಳ್ಳು.

ಇದಕ್ಕೆ ನಮ್ಮದೇ ರಾಜ್ಯದ ಉದಾಹರಣೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರುಗಳು ಸೇರಿ 1990ರ ದಶಕದ ಕೊನೆಯಲ್ಲಿ ಸಿಂಪ್ಯೂಟರ್ ಎಂಬ ಕೈಯಲ್ಲಿ ಹಿಡಿಯುವ ಕಂಪ್ಯೂಟರ್ ರೂಪಿಸಲು ಹೊರಟರು. ಅಕ್ಷರ ಬಾರದವರೂ ಬಳಸುವಂತಿರಬೇಕು, ಭಾರತೀಯ ಭಾಷೆಗಳಲ್ಲಿ ಮಾತಾಡಬೇಕು ಎಂಬುದು ಅವರ ಆಸೆ. 2004ರಲ್ಲಿ ಅದು ಮಾರುಕಟ್ಟೆಗೂ ಬಂತು. ಕಂಪ್ಯೂಟರ್ ವಿಜ್ಞಾನವನ್ನೇ ಕಲಿಸುವ ಆ ಪ್ರಾಧ್ಯಾಪಕರಿಗೆ ಓಎಸ್ ಬರೆಯಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಆದರೂ ಅವರು ಆರಿಸಿಕೊಂಡದ್ದು ಲಿನಕ್ಸ್. ತಮ್ಮ ಶ್ರಮವನ್ನು ಸಾಧನದ ವಿನ್ಯಾಸಕ್ಕೆ, ಬರಹವನ್ನು ಓದಿ ಹೇಳುವ ತಂತ್ರಾಂಶಕ್ಕೆ ಹಾಕಿದರು.

ಗೊತ್ತಿರುವವರು ಓಎಸ್ ಅನ್ನು ಶೂನ್ಯದಿಂದ ಬರೆಯುವುದು ಸಾಮಾನ್ಯವಾಗಿ ಕಲಿಯಲು, ಕಲಿಸಲು ಅಥವಾ ಸಂಶೋಧನೆಗೆ. ಬಳಸಲು ಬೇಕಾದರೆ ಇರುವುದರ ಮೇಲೆ ಕಟ್ಟುತ್ತಾರೆ.

21ರ ಹುಡುಗ ಒಬ್ಬನೇ ಲಿನಕ್ಸ್ ಮಾಡಲಿಲ್ಲವೇ?

ಮಾಡಿದ. ಫಿನ್‌ಲ್ಯಾಂಡಿನ ಲಿನಸ್ ಟೋರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ತನ್ನ ಓಎಸ್ ಬಗ್ಗೆ ಜಗತ್ತಿಗೆ ತಿಳಿಸಿದಾಗ ಅವನಿಗೆ 21 ವರ್ಷ, ಇನ್ನೂ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಇದು ಬರೀ ಹವ್ಯಾಸ, ದೊಡ್ಡದೇನೂ ಆಗುವುದಿಲ್ಲ ಎಂಬ ಅರ್ಥದ ಮಾತನ್ನೂ ಅವನೇ ಬರೆದಿದ್ದ. ಫಾರ್ವರ್ಡ್‌ಗಳು ಇಷ್ಟಕ್ಕೇ ನಿಲ್ಲುತ್ತವೆ.

ಉಳಿದ ಅರ್ಧ ಕತೆ ಹೀಗಿದೆ. ಅವನು ಪ್ರೋಗ್ರಾಮಿಂಗ್ ಶುರು ಮಾಡಿದ್ದು ಹನ್ನೊಂದರ ಆಸುಪಾಸಿನ ವಯಸ್ಸಿನಲ್ಲಿ, ತಾತನ ಬಳಿಯಿದ್ದ ಕಮೊಡೋರ್ ವಿಐಸಿ-20 ಎಂಬ ಸಣ್ಣ ಕಂಪ್ಯೂಟರಿನಲ್ಲಿ. ಅಂದರೆ ಲಿನಕ್ಸ್ ಹುಟ್ಟುವ ಹೊತ್ತಿಗೆ ಅವನ ಬೆನ್ನಿಗೆ ಸುಮಾರು 10 ವರ್ಷದ ಅಭ್ಯಾಸ ಇತ್ತು. ಕಾಲೇಜಿನಲ್ಲಿ ಯುನಿಕ್ಸ್ ಪಾಠ ಕೇಳಿದ್ದ. ಪ್ರಾಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್ ಬರೆದ ಓಎಸ್ ಪಠ್ಯಪುಸ್ತಕ ಓದಿದ್ದ, ಅವರು ವಿದ್ಯಾರ್ಥಿಗಳಿಗೆಂದೇ ರೂಪಿಸಿದ್ದ ಮಿನಿಕ್ಸ್ ಎಂಬ ಪುಟ್ಟ ಓಎಸ್ ಅನ್ನು ತನ್ನ ಕಂಪ್ಯೂಟರಿನಲ್ಲಿ ಹಾಕಿಕೊಂಡು ಬಳಸಿದ್ದ. ಲಿನಕ್ಸ್‌ನ ಮೊದಲ ಆವೃತ್ತಿ ಸುಮಾರು 10,000 ಸಾಲಿನದು. ಅದನ್ನು ಕಂಪೈಲ್ ಮಾಡಲು ಮಿನಿಕ್ಸ್ ಬೇಕಿತ್ತು. ಕಂಪೈಲರ್, ಶೆಲ್ ಇವನ್ನು ಅವನು ಬರೆಯಲಿಲ್ಲ, ಗ್ನೂ ಯೋಜನೆಯವರು ಆಗಲೇ ಬರೆದು ಮುಕ್ತವಾಗಿ ಕೊಟ್ಟಿದ್ದನ್ನು ಬಳಸಿದ.

ಇನ್ನೊಂದು ಪ್ರಸಿದ್ಧ ಕತೆ ಯುನಿಕ್ಸ್‌ನದು. ಅಮೆರಿಕದ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ 1969ರಲ್ಲಿ, ಹೆಂಡತಿ ಮಗುವಿನ ಜೊತೆ ಊರಿಗೆ ಹೋಗಿದ್ದ ಮೂರು ವಾರದಲ್ಲಿ ಅದರ ಮೊದಲ ರೂಪ ಬರೆದು ಮುಗಿಸಿದರು. ನಿಜ. ಆದರೆ ಅದಕ್ಕೂ ಮೊದಲು ಅವರು ಮಲ್ಟಿಕ್ಸ್ ಎಂಬ ದೈತ್ಯ ಓಎಸ್ ಯೋಜನೆಯಲ್ಲಿ ದುಡಿದಿದ್ದರು. ಫೈಲುಗಳನ್ನು ಇಡುವ ವ್ಯವಸ್ಥೆಯನ್ನು ಮೊದಲೇ ಬರೆದಿಟ್ಟಿದ್ದರು. ಮೂರು ವಾರ ಎಂಬುದು ಕೊಯ್ಲಿನ ಲೆಕ್ಕ. ಬಿತ್ತನೆಯಿಂದ ಎಣಿಸಿದರೆ ವರ್ಷಗಳೇ ಆಗುತ್ತವೆ.

ಈ ಎರಡೂ ಕತೆ ಹೇಳುವುದು ಒಂದೇ. ದೊಡ್ಡ ಪದವಿ ಬೇಕಿಲ್ಲ, ಟೋರ್ವಾಲ್ಡ್ಸ್ ಆಗ ಪದವೀಧರನೇ ಅಲ್ಲ. ಆದರೆ ಪೂರ್ವಾಭ್ಯಾಸ ಇಲ್ಲದೆ ಇಬ್ಬರೂ ಕಟ್ಟಲಿಲ್ಲ.

ಮೊದಲ ಮೆಟ್ಟಿಲು: 512 ಬೈಟ್

ಹಾಗಾದರೆ ಹೊಸಬರು ಎಲ್ಲಿಂದ ಶುರು ಮಾಡುತ್ತಾರೆ? ಬಹಳ ಸಣ್ಣ ಜಾಗದಿಂದ.

ಹಳೆಯ ಮಾದರಿಯ ಪಿಸಿ ಆನ್ ಆದ ಕೂಡಲೇ ಡಿಸ್ಕಿನ ಮೊದಲ 512 ಬೈಟ್ ಓದುತ್ತದೆ. ಅದರ ಕೊನೆಯ ಎರಡು ಬೈಟ್‌ಗಳಲ್ಲಿ 85 ಮತ್ತು 170 ಎಂಬ ಸಂಖ್ಯೆಗಳಿದ್ದರೆ "ಇಲ್ಲಿ ಓಎಸ್ ಇದೆ" ಎಂದು ತಿಳಿದು ಆ ಕೋಡನ್ನು ಓಡಿಸುತ್ತದೆ. ಇಲ್ಲದಿದ್ದರೆ ಮುಂದಕ್ಕೆ ಹೋಗುತ್ತದೆ. ಆ ಎರಡನ್ನು ಕಳೆದರೆ ಉಳಿಯುವುದು 510 ಬೈಟ್. ಯುನಿಕೋಡ್‌ನ ಸಾಮಾನ್ಯ ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಅಂದರೆ 510 ಬೈಟ್‌ನಲ್ಲಿ 170 ಕನ್ನಡ ಸಂಕೇತ ಹಿಡಿಸುತ್ತವೆ, ಹೆಚ್ಚೆಂದರೆ ಒಂದು ಸಣ್ಣ ವಾಟ್ಸ್‌ಆ್ಯಪ್ ಮೆಸೇಜು. ಅಷ್ಟು ಜಾಗದಲ್ಲಿ ನೀವು ಬರೆದ ಕೋಡ್ ಪರದೆ ಮೇಲೆ ಇಂಗ್ಲಿಷಿನ 'ಹಲೋ' ತೋರಿಸಿದರೆ, ಅದೇ ಹೊಸಬರ ಮೊದಲ ಗೆಲುವು.

ಇಷ್ಟು ಮಾಡಲು ಅಸೆಂಬ್ಲಿ ಭಾಷೆಯ ಇಪ್ಪತ್ತು ಸಾಲು ಸಾಕು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಯುಇಎಫ್‌ಐ ಎಂಬ ಬೇರೆ ಕ್ರಮ ಬಂದಿದೆ. ಆದರೆ ಕಲಿಯುವವರು ನಿಜವಾದ ಯಂತ್ರದ ಮೇಲೆ ಪ್ರಯೋಗ ಮಾಡುವುದಿಲ್ಲ. ಕ್ಯೂಇಎಂಯು ಎಂಬ ಉಚಿತ ಸಾಫ್ಟ್‌ವೇರ್ ಕಂಪ್ಯೂಟರಿನೊಳಗೆ ಇನ್ನೊಂದು ನಕಲಿ ಕಂಪ್ಯೂಟರ್ ತೋರಿಸುತ್ತದೆ. ಅದು ಕೆಟ್ಟರೆ ಮುಚ್ಚಿ ಮತ್ತೆ ತೆರೆದರಾಯಿತು.

ಅನೇಕ "30 ದಿನದ" ವಿಡಿಯೋಗಳು ನಿಲ್ಲುವುದು ಇಲ್ಲೇ. ಹಲೋ ಬಂತು, ಓಎಸ್ ಆಯಿತು, ಅಭಿನಂದನೆಗಳು! ನಿಜದಲ್ಲಿ ಪಾಳಿ, ಬದು, ಗೇಟು ಯಾವುದೂ ಇನ್ನೂ ಶುರುವಾಗಿಲ್ಲ.

'ಅಣ್ಣಿಗೇರಿ' ಎಂದು ತೋರಿಸುವುದು ಏಕೆ ಕಷ್ಟ?

ಕನ್ನಡದ ಹುಡುಗ ತನ್ನ ಓಎಸ್‌ನಲ್ಲಿ ಮೊದಲು ಬರೆಯಬೇಕೆನ್ನುವುದು ಕನ್ನಡವನ್ನೇ. ಅಲ್ಲೊಂದು ಪಾಠ ಕಾದಿದೆ.

ಪಿಸಿ ಆನ್ ಆದಾಗ ಸಿಗುವ ಸರಳ ಅಕ್ಷರ ಪರದೆಯಲ್ಲಿ 256 ಚಿತ್ರಗಳಿಗಷ್ಟೇ ಜಾಗ. ಅದರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಗೆರೆ ಇವೆ. ಕನ್ನಡ ಇಲ್ಲ. ಸರಿ, ಕನ್ನಡ ಫಾಂಟ್ ನಾವೇ ಸೇರಿಸೋಣ ಅಂದುಕೊಳ್ಳಿ. 'ಅಣ್ಣಿಗೇರಿ' ಎಂಬ ಊರ ಹೆಸರು ಕಂಪ್ಯೂಟರಿಗೆ 9 ಸಂಕೇತಗಳ ಸಾಲು. ಅದರಲ್ಲಿ 'ಣ್ಣಿ' ಎಂಬುದೊಂದೇ ನಾಲ್ಕು ಸಂಕೇತ: ಣ, ಹಲಂತ, ಮತ್ತೊಂದು ಣ, ಇಕಾರದ ಗುಣಿತ ಚಿಹ್ನೆ. ಇವನ್ನು ಬಂದ ಹಾಗೆ ಒಂದರ ಪಕ್ಕ ಒಂದು ಇಟ್ಟರೆ ಓದಲಾಗುವುದಿಲ್ಲ. ಎರಡನೇ ಣ ಒತ್ತಾಗಿ ಕೆಳಗಿಳಿಯಬೇಕು, ಇಕಾರ ಮೊದಲನೇ ಣ ಮೇಲೆ ಕೂರಬೇಕು. ಹೀಗೆ ಅಕ್ಷರ ಜೋಡಿಸಲೆಂದೇ ಬೇರೆ ಸಾಫ್ಟ್‌ವೇರ್ ಬೇಕು. ಇಂದು ಬಹಳಷ್ಟು ಫೋನು, ಬ್ರೌಸರುಗಳು ಇದಕ್ಕೆ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಬಳಸುತ್ತವೆ.

ಈ ಲೇಖನದ ಒಂದೊಂದು ಒತ್ತಕ್ಷರವೂ ನಿಮ್ಮ ಪರದೆ ಮೇಲೆ ಸರಿಯಾಗಿ ಕಾಣುತ್ತಿರುವುದರ ಹಿಂದೆ ಅಷ್ಟು ಜನರ ಕೆಲಸವಿದೆ. "ಒಬ್ಬನೇ ಎಲ್ಲ ಮಾಡಿದ" ಎಂಬ ಮಾತನ್ನು ನಾವು ಸುಲಭಕ್ಕೆ ನಂಬದಿರುವುದು ಇದಕ್ಕೇ.

ಏನೇನು ಗೊತ್ತಿರಬೇಕು?

ಪುಟ್ಟ ಕರ್ನೆಲ್ ಬರೆಯಲು ಬೇಕಾದವು ಇಷ್ಟು:

1. ಸಿ ಭಾಷೆ. ಬರೀ ಪರೀಕ್ಷೆಗೆ ಓದಿದಷ್ಟಲ್ಲ. ಪಾಯಿಂಟರ್ ಎಂದರೆ ಹೆದರದೆ, ಮುನ್ನೂರು ನಾನೂರು ಸಾಲಿನ ಪ್ರೋಗ್ರಾಮ್ ತಾನೇ ಬರೆದು ತಪ್ಪು ಹುಡುಕುವಷ್ಟು. ಈಗ ರಸ್ಟ್ ಭಾಷೆಯಲ್ಲೂ ಬರೆಯುವವರಿದ್ದಾರೆ, ಆದರೆ ಹೆಚ್ಚಿನ ಪಾಠಗಳು ಸಿಯಲ್ಲೇ ಇವೆ.

2. ಬೈನರಿ ಮತ್ತು ಹೆಕ್ಸ್ ಲೆಕ್ಕ. 8ನೇ ತರಗತಿಯ ಗಣಿತ ಬಂದರೆ ಇದು ಬರುತ್ತದೆ.

3. ಕಂಪ್ಯೂಟರಿನ ಒಳರಚನೆ. ರಿಜಿಸ್ಟರ್, ಸ್ಟ್ಯಾಕ್, ಇಂಟರಪ್ಟ್ ಅಂದರೇನು ಎಂಬ ತಿಳಿವಳಿಕೆ.

4. ಸ್ವಲ್ಪ ಅಸೆಂಬ್ಲಿ. ಪೂರ್ತಿ ಕಲಿಯಬೇಕಿಲ್ಲ, ಓದಿ ಅರ್ಥ ಮಾಡಿಕೊಳ್ಳುವಷ್ಟು ಸಾಕು.

5. ಲಿನಕ್ಸ್ ಕಮಾಂಡ್ ಲೈನ್. ಕಂಪೈಲರ್, ಮೇಕ್, ಡೀಬಗರ್, ಗಿಟ್ ಬಳಸಲು ಬರಬೇಕು.

6. ಇಂಗ್ಲಿಷ್ ಕೈಪಿಡಿ ಓದುವ ಅಭ್ಯಾಸ. ಇದನ್ನು ಮುಚ್ಚಿಡುವುದು ಸರಿಯಲ್ಲ. ಪ್ರೊಸೆಸರ್ ಕೈಪಿಡಿಗಳು ಇಂಗ್ಲಿಷಿನಲ್ಲೇ ಇವೆ, ಇಂಟೆಲ್ ಕೈಪಿಡಿ ಸುಮಾರು 5,000 ಪುಟ. ಯಾರೂ ಅದನ್ನು ಪೂರ್ತಿ ಓದುವುದಿಲ್ಲ, ಬೇಕಾದ ಪುಟ ಹುಡುಕಿ ಓದುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ಕೆಲವು ತಿಂಗಳು ಇದು ಭಾರ ಅನ್ನಿಸುತ್ತದೆ. ಆದರೆ ಅಲ್ಲಿ ಬರುವುದು ಕತೆ ಕಾದಂಬರಿಯ ಇಂಗ್ಲಿಷ್ ಅಲ್ಲ. ಅವೇ ಕೆಲವು ನೂರು ಪದ ಮತ್ತೆ ಮತ್ತೆ ಬರುತ್ತವೆ.

7. ತಾಳ್ಮೆ. ಸಾಮಾನ್ಯ ಪ್ರೋಗ್ರಾಮ್ ತಪ್ಪಿದರೆ ಓಎಸ್ ಬಂದು ಏನು ತಪ್ಪಾಯಿತು ಎಂದು ಹೇಳುತ್ತದೆ. ಓಎಸ್ಸೇ ತಪ್ಪಿದರೆ ಹೇಳುವವರು ಯಾರೂ ಇಲ್ಲ. ಯಂತ್ರ ಸುಮ್ಮನೆ ರೀಸ್ಟಾರ್ಟ್ ಆಗುತ್ತದೆ. ಒಂದು ಸಾಲಿನ ತಪ್ಪಿಗೆ ಮೂರು ದಿನ ಹೋಗಬಹುದು.

ಕೋಡಿಂಗ್ ಏನೂ ಗೊತ್ತಿಲ್ಲದವರು ದಿನಕ್ಕೆ ಒಂದೆರಡು ಗಂಟೆ ಕೂತರೆ ಸಿ ಭಾಷೆ ಕೈಗೆ ಹತ್ತಲು ಆರು ತಿಂಗಳಿಂದ ಒಂದು ವರ್ಷ, ಆಮೇಲೆ ಪುಟ್ಟ ಕರ್ನೆಲ್‌ಗೆ ಇನ್ನೊಂದು ವರ್ಷ ಎಂಬುದು ನಮ್ಮ ಅಂದಾಜು. ಬೇಗ ಮುಗಿಸುವವರೂ ಇದ್ದಾರೆ. ಎಂಜಿನಿಯರಿಂಗ್ ಕಾಲೇಜಿನಲ್ಲೂ ಮೊದಲು ಪ್ರೋಗ್ರಾಮಿಂಗ್, ಅದಾದ ಮೇಲೆ ಓಎಸ್ ವಿಷಯ. ಈ ಕ್ರಮ ಸುಮ್ಮನೆ ಇಟ್ಟಿದ್ದಲ್ಲ.

ಬೇಡವಾದವು

ದುಬಾರಿ ಲ್ಯಾಪ್‌ಟಾಪ್ ಬೇಡ, ಹಳೆಯದೊಂದು ಸಾಕು. ಅದೂ ಇಲ್ಲವೇ? ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಉಚಿತ ಆ್ಯಪ್ ಇದೆ. ಅದರಲ್ಲಿ ಲಿನಕ್ಸ್ ಕಮಾಂಡುಗಳನ್ನೂ ಸಿ ಭಾಷೆಯನ್ನೂ ಕಲಿಯಬಹುದು. ಸಣ್ಣ ಕೀಬೋರ್ಡಿನಲ್ಲಿ ಕಷ್ಟವೇ, ಆದರೆ ಮಗನಿಗೆ ಇದರಲ್ಲಿ ನಿಜವಾದ ಆಸಕ್ತಿ ಇದೆಯೋ ಇಲ್ಲವೋ ಎಂದು ತಿಳಿಯಲು ಧಾರಾಳವಾಗಿ ಸಾಕು.

ಕ್ಯಾಲ್ಕುಲಸ್ ಬೇಡ. ಪದವಿ ಬೇಡ. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಬೇಡ.

ಖಾಲಿ ಹಾಳೆಯಿಂದ ಶುರು ಮಾಡುವುದೂ ಬೇಡ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2006ರಲ್ಲಿ ತನ್ನ ವಿದ್ಯಾರ್ಥಿಗಳಿಗೆಂದು ಎಕ್ಸ್‌ವಿ6 ಎಂಬ ಪುಟ್ಟ ಓಎಸ್ ಬರೆಯಿತು. 1970ರ ದಶಕದ ಯುನಿಕ್ಸ್ 6ನೇ ಆವೃತ್ತಿಯ ಮಾದರಿಯದು. 10,000 ಸಾಲಿಗಿಂತ ಕಡಿಮೆ, ಜೊತೆಗೆ ನೂರರ ಆಸುಪಾಸಿನ ಪುಟಗಳ ವಿವರಣೆ ಪುಸ್ತಕ, ಎರಡೂ ಉಚಿತ. ಮೊದಲು ಇದನ್ನು ಓಡಿಸಿ, ಓದಿ, ಒಂದೊಂದು ಸಣ್ಣ ಬದಲಾವಣೆ ಮಾಡಿ ನೋಡುವುದು ಒಳ್ಳೆಯ ದಾರಿ. ಐಐಟಿ ಮದ್ರಾಸಿನ ಎನ್‌ಪಿಟೆಲ್ ಓಎಸ್ ಪಾಠಗಳೂ ಇದನ್ನೇ ಬಳಸುತ್ತವೆ, ವಿಡಿಯೋ ನೋಡಲು ಹಣ ಕೊಡಬೇಕಿಲ್ಲ. ನವಲಗುಂದದ ಜಮಖಾನ ನೇಯುವ ಮನೆಗಳಲ್ಲೂ ಹೊಸಬರು ಮೊದಲ ದಿನವೇ ನವಿಲಿನ ಚಿತ್ತಾರ ಎತ್ತಿಕೊಳ್ಳುವುದಿಲ್ಲ, ಬರುವವರ ಪಕ್ಕ ಕೂತು ಕಲಿಯುತ್ತಾರೆ. ಇದೂ ಹಾಗೆಯೇ.

ಫಾರ್ವರ್ಡ್ ಮಾತು, ನಿಜದ ಮಾತು

"ವಿಂಡೋಸ್‌ಗಿಂತ ಹತ್ತು ಪಟ್ಟು ಫಾಸ್ಟ್." ಪುಟ್ಟ ಓಎಸ್ ಒಂದೇ ಸೆಕೆಂಡಿನಲ್ಲಿ ಆನ್ ಆಗುವುದು ನಿಜ. ಏಕೆಂದರೆ ಅದು ವೈಫೈ ಹುಡುಕುವುದಿಲ್ಲ, ಪ್ರಿಂಟರ್ ಗುರುತಿಸುವುದಿಲ್ಲ, ವೈರಸ್ ತಡೆಯುವುದಿಲ್ಲ. ಖಾಲಿ ಟ್ರ್ಯಾಕ್ಟರ್ ಹೇರು ತುಂಬಿದ ಟ್ರ್ಯಾಕ್ಟರಿಗಿಂತ ಜೋರಾಗಿ ಓಡುತ್ತದೆ, ಅಷ್ಟೇ.

"ಈ ಓಎಸ್‌ಗೆ ವೈರಸ್ ಬರುವುದೇ ಇಲ್ಲ." ಯಾರೂ ಬಳಸದ ಓಎಸ್‌ಗೆ ಯಾರೂ ವೈರಸ್ ಬರೆಯುವುದಿಲ್ಲ. ಅದು ಸುರಕ್ಷಿತ ಎಂದು ಅರ್ಥವಲ್ಲ.

"ಈಗ ಎಐ ಇದೆ, ಕೇಳಿದರೆ ಬರೆದುಕೊಡುತ್ತದೆ." 512 ಬೈಟಿನ ಹಲೋ ಬರೆದುಕೊಡುತ್ತದೆ, ಅದಕ್ಕಿಂತ ಹೆಚ್ಚೂ ಬರೆದುಕೊಡಬಹುದು. ಅರ್ಥವಾಗದ್ದನ್ನು ಕೇಳಿ ತಿಳಿಯಲು ಒಳ್ಳೆಯ ಜೊತೆಯೂ ಹೌದು. ಆದರೆ ಯಂತ್ರ ಏನೂ ಹೇಳದೆ ರೀಸ್ಟಾರ್ಟ್ ಆದಾಗ ಕೋಡ್ ಓದಿ ಅರ್ಥ ಮಾಡಿಕೊಳ್ಳಲು ಬಾರದವರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

"ಹಳ್ಳಿ ಹುಡುಗರಿಗೆ ಇದೆಲ್ಲ ಎಲ್ಲಿ ಆಗುತ್ತದೆ?" ಇದು ಫಾರ್ವರ್ಡ್‌ನಲ್ಲಿ ಬರುವುದಿಲ್ಲ, ಮನೆಯಲ್ಲೇ ಕೇಳಿಬರುತ್ತದೆ. ಇದೂ ಸುಳ್ಳೇ. ಬೇಕಾದ ಸಾಮಗ್ರಿ ಬೆಂಗಳೂರಿನ ಹುಡುಗನಿಗೂ ನವಲಗುಂದದ ಹುಡುಗನಿಗೂ ಒಂದೇ. ಇಬ್ಬರಿಗೂ ಶುರುವಾಗುವುದು ಅದೇ 512 ಬೈಟಿನಿಂದ.

ಶೇರ್ ಮಾಡುವ ಮುನ್ನ ಕೇಳಿ

- ಇದರ ಕರ್ನೆಲ್ ಯಾವುದು? ಉತ್ತರ ಲಿನಕ್ಸ್ ಎಂದಾದರೆ "ಶೂನ್ಯದಿಂದ ಕಟ್ಟಿದ್ದು" ಅಲ್ಲ.
- ಮೂಲ ಕೋಡ್ ಎಲ್ಲರೂ ನೋಡುವಂತೆ ಹಾಕಿದ್ದಾರೆಯೇ?
- ಇನ್ಸ್ಟಾಲ್ ಮಾಡಲು ಎಪಿಕೆ ಫೈಲ್ ಕಳಿಸಿದ್ದಾರೆಯೇ? ಎಪಿಕೆ ಎಂಬುದು ಆಂಡ್ರಾಯ್ಡ್ ಆ್ಯಪ್. ಆ್ಯಪ್ ಎಂದೂ ಓಎಸ್ ಆಗುವುದಿಲ್ಲ. ಮೆಸೇಜಿನಲ್ಲಿ ಬಂದ ಎಪಿಕೆ ಒತ್ತಬೇಡಿ, ಬ್ಯಾಂಕ್ ಆ್ಯಪ್ ಇರುವ ಫೋನಿನಲ್ಲಂತೂ ಬೇಡವೇ ಬೇಡ.
- ಕಂಪ್ಯೂಟರಿಗೆ ಹೊಸ ಓಎಸ್ ಹಾಕುವಾಗ ಡಿಸ್ಕ್ ಪೂರ್ತಿ ಅಳಿಸಿಹೋಗಬಹುದು. ಫೋಟೋ, ದಾಖಲೆ ಬೇರೆಡೆ ಉಳಿಸಿಕೊಳ್ಳದೆ ಮುಟ್ಟಬೇಡಿ.
- ದುಡ್ಡು ಕಟ್ಟಿ ಮೋಸ ಹೋದಿರಾದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಫೋಟೋದಲ್ಲಿರುವ ಹುಡುಗ ನಿಜವಾಗಿಯೂ ಏನೋ ಮಾಡಿರಬಹುದು. ಅವನ 512 ಬೈಟಿಗೆ ನಮ್ಮ ಚಪ್ಪಾಳೆ ಇದೆ. ಅದನ್ನು "ವಿಂಡೋಸ್ ಸೋಲಿಸಿದ" ಎಂದು ಉಬ್ಬಿಸಿದರೆ ನಾಳೆ ನಗೆಪಾಟಲಾಗುವವನೂ ಅವನೇ.

ನವಲಗುಂದದ ಆ ತಂದೆಗೆ

ಸದ್ಯಕ್ಕೆ ಹೆಸರು ಮಾರಿದ ರೊಕ್ಕ ಕಟ್ಟಬೇಡಿ. ಹಾಗಂತ ಮಗನ ಆಸೆಯನ್ನೂ ತಳ್ಳಿಹಾಕಬೇಡಿ.

ಅವನಿಗೆ ಮೂರು ತಿಂಗಳ ಒಂದು ಪಂದ್ಯ ಕೊಡಿ. ಮೊದಲ ಎರಡು ತಿಂಗಳು ಉಚಿತ ಪಾಠ ನೋಡಿ ಸಿ ಭಾಷೆ. ಮೂರನೇ ತಿಂಗಳು ಕ್ಯೂಇಎಂಯುನಲ್ಲಿ ಆ 512 ಬೈಟಿನ ಹಲೋ. ಪಿಯುಸಿ ಪರೀಕ್ಷೆ ಹತ್ತಿರವಿದ್ದರೆ ಅದು ಮುಗಿದ ಮೇಲೆ ಶುರುವಾಗಲಿ, ಓಎಸ್ ಎಲ್ಲಿಗೂ ಓಡಿಹೋಗುವುದಿಲ್ಲ.

ಪರದೆ ಮೇಲೆ ಹಲೋ ಬಂದ ದಿನ ಅವನನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ: "ಇದು ಹೆಂಗ ಬಂತು, ನನಗ ತಿಳಿಯೂ ಹಂಗ ಹೇಳಪಾ." ಕಾಲುವೆ, ಬದು, ಪಾಳಿ ಏನಾದರೂ ಹೋಲಿಸಿ ಅವನು ನಿಮಗೆ ಬಿಡಿಸಿ ಹೇಳಿದರೆ, ಅವನು ಕಲಿತಿದ್ದಾನೆ ಎಂದೇ ಅರ್ಥ. ಆಗ ಆ ರೊಕ್ಕದಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಕೊಡಿಸಿದರೆ ನಷ್ಟವಿಲ್ಲ. ಮೂರು ತಿಂಗಳಲ್ಲಿ ಆಸಕ್ತಿ ಇಳಿದುಹೋದರೆ ಅದೂ ತಪ್ಪಲ್ಲ. ತನಗೆ ಏನು ಬೇಡ ಎಂಬುದು ಅವನಿಗೆ ಗೊತ್ತಾಯಿತು, ನಿಮ್ಮ ದುಡ್ಡೂ ಉಳಿಯಿತು.

ನಿಮ್ಮ ಮನೆಯಲ್ಲೂ ಇಂಥ ಹಟ ನಡೆದಿದ್ದರೆ, "30 ದಿನದ ಓಎಸ್" ಮೆಸೇಜು ಬಂದ ಅದೇ ಗ್ರೂಪಿಗೆ ಇದನ್ನೂ ಕಳಿಸಿ.